ಜೈಲಿನಲ್ಲಿ ಕೆಲಸವಿದೆ, ಕಲಿಕೆ ಎಷ್ಟಿದೆ?

ಕೈದಿಗಳಿಗೆ ಕಸುಬು ಕಲಿಸಬೇಕೆಂಬುದನ್ನು ಇಂದು ಎಲ್ಲರೂ ತಕರಾರಿಲ್ಲದೆ ಒಪ್ಪುತ್ತಾರೆ. ಆದರೂ ಬಿಡುಗಡೆಯಾದವರ ಕೈಗೆ ಆ ಕಸುಬು ಹತ್ತುವುದು ಅಪರೂಪ. ಕಾರಣ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1838ರ ಕಾರಾಗೃಹ ಶಿಸ್ತು ಸಮಿತಿ (ಮೆಕಾಲೆ ಇದರ ಸದಸ್ಯ) ಶಿಕ್ಷಣದಿಂದ ಕೈದಿಯನ್ನು ತಿದ್ದುವ ಮಾತನ್ನೇ ತಳ್ಳಿಹಾಕಿತು. ದುಡಿಮೆ ಬೇಸರ ಹುಟ್ಟಿಸುವಂತೆಯೇ ಇರಬೇಕೆಂಬುದು ಅದರ ನಿಲುವು. 1894ರ ಬಂದೀಖಾನೆ ಕಾಯ್ದೆ ಆ ದುಡಿಮೆಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ ಹಾಕಿತು. 1919-20ರ ಸಮಿತಿ ಸುಧಾರಣೆಯೇ ಗುರಿ ಎಂದಿತು, 1980ರ ದಶಕದಲ್ಲಿ ಮುಲ್ಲಾ ಸಮಿತಿಯೂ ಅದನ್ನೇ ಹೇಳಿತು. ಗುರಿ ಬದಲಾದರೂ ವರ್ಕ್‌ಶಾಪಿನ ದಿನಚರಿ ಹಳೆಯದೇ ಉಳಿಯಿತು.

ದೊಡ್ಡ ತಿರುವು 1998ರದ್ದು. ಕಠಿಣ ಸಜೆಯ ಕೈದಿಗೂ ನ್ಯಾಯವಾದ ಕೂಲಿ ಕೊಡಬೇಕು, ಅದರಲ್ಲೊಂದು ಪಾಲು ಸಂತ್ರಸ್ತರ ಪರಿಹಾರಕ್ಕೆ ಹೋಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕ 2023ರ ಹೊತ್ತಿಗೆ ದಿನಗೂಲಿಯನ್ನು ಕೆಳಹಂತದಲ್ಲಿ 524, ಅತಿ ಕುಶಲರಿಗೆ 663 ರೂಪಾಯಿಗೆ ಏರಿಸಿತು. ಒಳ್ಳೆಯದೇ. ಆದರೆ ಕೂಲಿ ಏರಿದಷ್ಟೂ ಆರ್ಡರ್ ಸಮಯಕ್ಕೆ ಮುಗಿಸುವ ಒತ್ತಡವೂ ಏರುತ್ತದೆ, ಕೆಲಸ ಬಲ್ಲವನೇ ಮತ್ತೆ ಮತ್ತೆ ಅದೇ ಜಾಗದಲ್ಲಿ ಕೂರುತ್ತಾನೆ.

ಬೇಕರಿಯನ್ನೇ ನೋಡಿ. 10 ಕಿಲೋ ಮೈದಾಕ್ಕೆ ಸುಮಾರು 5.5 ಲೀಟರ್ ನೀರು, 200 ಗ್ರಾಂ ಹಸಿ ಈಸ್ಟ್, 180 ಗ್ರಾಂ ಉಪ್ಪು, ಒಂದಿಷ್ಟು ಸಕ್ಕರೆ. ನಾದಿದ ಹಿಟ್ಟು ಒಂದೂವರೆ ಗಂಟೆ ಹುದುಗಬೇಕು, ಟಿನ್ನಿಗೆ ತುಂಬಿದ ಮೇಲೆ ಇನ್ನೊಂದು 50 ನಿಮಿಷ ಉಬ್ಬಬೇಕು, 210 ಡಿಗ್ರಿಯಲ್ಲಿ ಅರ್ಧ ಗಂಟೆಗೂ ಮೇಲೆ ಬೇಯಬೇಕು. ಒಟ್ಟು ಮೂರೂವರೆ ಗಂಟೆಯ ಕೆಲಸ. ಜೈಲಿನಲ್ಲಿ ಬೀಗ ತೆಗೆಯುವುದೇ ಬೆಳಗಿನ ಆರರ ಸುಮಾರಿಗೆ, ಸಂಜೆ ಮತ್ತೆ ಬೀಗ, ನಡುವೆ ಕೈದಿಗಳ ತಲೆ ಎಣಿಕೆ. ಎಣಿಕೆ ತಾಳೆಯಾಗದಿದ್ದರೆ ಎಲ್ಲರೂ ಸಾಲಿನಲ್ಲೇ ನಿಲ್ಲಬೇಕು, ಹಿಟ್ಟು ಮಾತ್ರ ಯಾರಿಗೂ ಕಾಯುವುದಿಲ್ಲ. ಹುಳಿ ವಾಸನೆ ಬರುತ್ತದೆ, ಮುಟ್ಟಿದರೆ ಕುಸಿಯುತ್ತದೆ. ಈಸ್ಟ್ ಸಕ್ಕರೆಯನ್ನೆಲ್ಲ ತಿಂದಿರುವುದರಿಂದ ಬೆಂದ ಮೇಲೂ ಬ್ರೆಡ್ಡಿನ ಮೇಲ್ಮೈಗೆ ಕೆಂಪು ಬಣ್ಣ ಏರುವುದಿಲ್ಲ. ಈಸ್ಟನ್ನು ಅರ್ಧಕ್ಕಿಳಿಸಿ ಐಸ್ ನೀರು ಹಾಕಿದರೆ ಹಿಟ್ಟು ನಿಧಾನಕ್ಕೆ ಹುದುಗುತ್ತದೆ, ಎಣಿಕೆ ಮುಗಿಯುವಷ್ಟು ಹೊತ್ತು ಸಿಗುತ್ತದೆ.

ಈ ಲೆಕ್ಕ ತಿಳಿಯುವುದೇ ಕಸುಬು. ಅದು ಗೊತ್ತಿರುವುದು ಅಳತೆ ಮಾಡುವ ಒಬ್ಬನಿಗೆ. ಉಳಿದವರಲ್ಲಿ ಒಬ್ಬ ವರ್ಷಗಟ್ಟಲೆ ಟಿನ್ನಿಗೆ ಎಣ್ಣೆ ಸವರುತ್ತಾನೆ, ಇನ್ನೊಬ್ಬ ಪ್ಯಾಕೆಟ್ ಕಟ್ಟುತ್ತಾನೆ. ಹದಿನೈದು ದಿನಕ್ಕೊಮ್ಮೆ ಜಾಗ ಬದಲಿಸಿದರೆ ಎಲ್ಲರೂ ಕಲಿಯುತ್ತಾರೆ. ಆದರೆ ಪ್ರತಿ ಬದಲಾವಣೆಯ ಮೊದಲ ಎರಡು ಮೂರು ದಿನ ಮಾಲು ಕೆಡುತ್ತದೆ, ಆ ನಷ್ಟವನ್ನು ಬರೆಯಲು ಲೆಕ್ಕದ ಪುಸ್ತಕದಲ್ಲಿ ಕಾಲಂ ಇರುವುದಿಲ್ಲ.

ಇನ್ನೊಂದು ತೊಡಕು ಅವಧಿಯದು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಮಂದಿಯಲ್ಲಿ 4.34 ಲಕ್ಷ ಮಂದಿ ವಿಚಾರಣಾಧೀನರು. ಅವರನ್ನು ಕೆಲಸಕ್ಕೆ ಬಲವಂತ ಮಾಡುವಂತಿಲ್ಲ, ಜಾಮೀನು ಯಾವಾಗ ಸಿಗುತ್ತದೋ ಹೇಳುವಂತೆಯೂ ಇಲ್ಲ. ಐಟಿಐನಲ್ಲಿ ವೆಲ್ಡರ್ ಕೋರ್ಸಿಗೆ ಒಂದು ವರ್ಷ, ಎಲೆಕ್ಟ್ರಿಷಿಯನ್‌ಗೆ ಎರಡು. ಅರ್ಧಕ್ಕೆ ಹೊರಬಿದ್ದವನಿಗೆ ಪ್ರಮಾಣಪತ್ರವಿಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ, ಗ್ರಾಮೀಣ ಯುವಕರಿಗೆ ಸ್ವಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆಯ ಮಾದರಿಯ ಕೆಲವೇ ವಾರಗಳ ತರಬೇತಿ ಇಂಥವರಿಗೆ ಹೆಚ್ಚು ಹೊಂದುತ್ತದೆ: ಮೊಬೈಲ್ ರಿಪೇರಿ, ಮನೆ ವೈರಿಂಗ್, ಹೊಲಿಗೆ.

ಯಾರಿಗೆ ಯಾವ ಕೆಲಸ ಎಂಬ ಪ್ರಶ್ನೆಯೂ ಹಳೆಯದೇ. ಜಾತಿ ನೋಡಿ ಪೊರಕೆ, ಸೌಟು ಹಂಚುವುದಕ್ಕೆ ಅವಕಾಶವಿದ್ದ ಜೈಲು ಕೈಪಿಡಿ ನಿಯಮಗಳನ್ನು ಸುಪ್ರೀಂ ಕೋರ್ಟ್ ರದ್ದುಮಾಡಿದ್ದು 2024ರ ಅಕ್ಟೋಬರ್‌ನಲ್ಲಿ! ಹೆಂಗಸರ ವಿಭಾಗಕ್ಕೆ ಇವತ್ತಿಗೂ ಮೊದಲು ಬರುವುದು ಹೊಲಿಗೆ ಯಂತ್ರವೇ.

ಬಿಡುಗಡೆಗೆ ಮೊದಲಿನ ಮೂರು ತಿಂಗಳು ಕಾಗದಪತ್ರಕ್ಕೇ ಮೀಸಲಾಗಬೇಕು. ತಿಂಡಿ ಗಾಡಿ ಇಡಲು ಬೇಕಾದ ಆಹಾರ ಸುರಕ್ಷತಾ ನೋಂದಣಿಗೆ ವರ್ಷಕ್ಕೆ 100 ರೂಪಾಯಿ ಸಾಕು, ಆದರೆ ಗುರುತಿನ ಚೀಟಿ ಬೇಕು. ಆಧಾರ್‌ನಲ್ಲಿ ಹಳೆಯ ಮೊಬೈಲ್ ನಂಬರ್ ಇದ್ದರೆ ಒಟಿಪಿ ಬರುವುದಿಲ್ಲ, ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಪ್ರಮಾಣಪತ್ರದ ಮೇಲೆ ಜೈಲಿನ ಹೆಸರಿದ್ದರೆ ಅದನ್ನು ಮಾಲೀಕನಿಗೆ ತೋರಿಸುವ ಧೈರ್ಯ ಬರುವುದಿಲ್ಲ. ತರಬೇತಿ ಕೊಟ್ಟ ಸಂಸ್ಥೆಯ ಹೆಸರಷ್ಟೇ ಇದ್ದರೆ ಸಾಕಲ್ಲವೇ?