ಅಗ್ಗದ ಫೋನಿಗೂ ಬೀಗ ಬೇಕು

ಹೊಸ ಫೋನ್ ತಂದ ದಿನ ಸಿಮ್ ಹಾಕುತ್ತೇವೆ, ಬರುವ ಪ್ರಶ್ನೆಗಳಿಗೆಲ್ಲ ಸುಮ್ನೆ 'ನೆಕ್ಸ್ಟ್' ಒತ್ತುತ್ತೇವೆ, ಅಲ್ವಾ? ಸೆಟ್ಟಿಂಗ್ಸ್ ಒಳಗೆ ಹೊಕ್ಕು ಒಂದೊಂದನ್ನೂ ನೋಡುವವರು ಕಡಿಮೆ. ಹಾಗಾಗಿ ಕಂಪನಿ ಮೊದಲೇ ಇಟ್ಟುಕೊಟ್ಟ ಡಿಫಾಲ್ಟ್ ಸೆಟ್ಟಿಂಗೇ ಹೆಚ್ಚಿನವರ ಪಾಲಿಗೆ ಕೊನೆಯವರೆಗೂ ಉಳಿಯುತ್ತದೆ.

ಎನ್‌ಕ್ರಿಪ್ಷನ್ ಅಂಥದ್ದೊಂದು ಸೆಟ್ಟಿಂಗ್. ಫೋನಿನಲ್ಲಿರುವ ಫೋಟೊ, ಮೆಸೇಜು ಎಲ್ಲವನ್ನೂ ಇದು ಗುಪ್ತಲಿಪಿಯಾಗಿಸಿ ಇಡುತ್ತದೆ. ಕದ್ದವರು ಚಿಪ್ ಕಿತ್ತು ಓದಿದರೂ ಏನೂ ಅರ್ಥವಾಗದು. ಆದರೆ ಓದುವಾಗಲೂ ಬರೆಯುವಾಗಲೂ ಪ್ರೊಸೆಸರ್ ಲೆಕ್ಕ ಮಾಡುತ್ತಲೇ ಇರಬೇಕು. 2014ರಲ್ಲಿ ಆಂಡ್ರಾಯ್ಡ್ 5.0 ಜೊತೆ ಬಂದ ಗೂಗಲ್‌ನ ನೆಕ್ಸಸ್ 6 ಫೋನಿನಲ್ಲಿ ಇದು ಮೊದಲಿನಿಂದಲೇ ಆನ್ ಆಗಿತ್ತು. ಫೈಲು ಓದುವ, ಬರೆಯುವ ವೇಗ ಕುಗ್ಗಿತೆಂದು ಜನ ದೂರಿದರು.

ಮರುವರ್ಷ ಬಂದ ಆಂಡ್ರಾಯ್ಡ್ 6.0 ಒಂದು ಗೆರೆ ಎಳೆಯಿತು. ಎಇಎಸ್ ಎಂಬ ವಿಧಾನದಲ್ಲಿ ಸೆಕೆಂಡಿಗೆ ಸುಮಾರು 50 ಎಂಬಿಗಿಂತ ಜಾಸ್ತಿ ದತ್ತಾಂಶ ಎನ್‌ಕ್ರಿಪ್ಟ್ ಮಾಡಬಲ್ಲ ಹೊಸ ಫೋನುಗಳಿಗೆ ಎನ್‌ಕ್ರಿಪ್ಷನ್ ಕಡ್ಡಾಯವಾಯಿತು. ಅದಕ್ಕಿಂತ ನಿಧಾನದವುಗಳಿಗೆ ವಿನಾಯಿತಿ ಸಿಕ್ಕಿತು.

ಎಂಜಿನಿಯರ್ ಕಣ್ಣಿಗೆ ಇದು ಸರಿಯಾದ ಲೆಕ್ಕ. ನನಗೆ ಮಾತ್ರ ಇದು ನೋವಿನ ಲೆಕ್ಕ. ನಿಧಾನದ ಫೋನ್ ಯಾರ ಕೈಯಲ್ಲಿರುತ್ತದೆ? ದುಬಾರಿಯದ್ದು ಕೊಳ್ಳಲಾಗದವರ ಕೈಯಲ್ಲಿ. ಅವರ ಬ್ಯಾಂಕ್ ಮೆಸೇಜು, ಮಕ್ಕಳ ಫೋಟೊಗಳಿಗೇ ಬೀಗವಿರಲಿಲ್ಲ. ಇಲ್ಲವೆಂಬುದು ಅವರಿಗೆ ಗೊತ್ತೂ ಇರುತ್ತಿರಲಿಲ್ಲ.

ಎಇಎಸ್ ಲೆಕ್ಕಕ್ಕೆಂದೇ ಕೆಲವು ಪ್ರೊಸೆಸರ್‌ಗಳಲ್ಲಿ ಪ್ರತ್ಯೇಕ ಸೌಲಭ್ಯವಿರುತ್ತದೆ. ಕಾರ್ಟೆಕ್ಸ್-ಎ7ನಂಥ ಅಗ್ಗದ ಪ್ರೊಸೆಸರ್‌ಗಳಲ್ಲಿ ಅದಿಲ್ಲ. ಗೂಗಲ್‌ನ ಪಾಲ್ ಕ್ರೌಲಿ ಮತ್ತು ಎರಿಕ್ ಬಿಗರ್ಸ್ ಇದನ್ನೇ ಕೈಗೆತ್ತಿಕೊಂಡರು. ಅವರು ರೂಪಿಸಿದ ವಿಧಾನದ ಹೆಸರು ಅಡಿಯಾಂಟಮ್. ನಮ್ಮ ಬಾವಿಗಳ ಒಳಗೋಡೆಯ ತೇವದಲ್ಲಿ ಬೆಳೆಯುತ್ತದಲ್ಲ, ಕಪ್ಪು ಕಡ್ಡಿಯ ನಾಜೂಕು ಜರಿಗಿಡ, ಅದರ ಕುಲದ ಹೆಸರೂ ಇದೇ.

ಅಡಿಯಾಂಟಮ್ ವಿಧಾನದಲ್ಲಿ ಹೆಚ್ಚಿನ ಕೆಲಸವೆಲ್ಲ ಯಾವ ಪ್ರೊಸೆಸರ್ ಆದರೂ ಸಲೀಸಾಗಿ ಮಾಡುವಂಥದ್ದು: ಅಂಕಿ ಕೂಡುವುದು, ಗುಣಿಸುವುದು, ಬಿಟ್‌ಗಳನ್ನು ಸರಿಸುವುದು. 4096 ಬೈಟ್‌ಗಳ ಒಂದು ತುಂಡಿಗೆ ಎಇಎಸ್ ಬಳಸುವುದು ಒಂದೇ ಸಲ, ಅದೂ 16 ಬೈಟ್‌ಗಳ ಮೇಲೆ. ಕಾರ್ಟೆಕ್ಸ್-ಎ7ನಲ್ಲಿ ಇದು ಎಇಎಸ್‌ನ ಮಾಮೂಲಿ ಬಳಕೆಗಿಂತ ಸುಮಾರು 5 ಪಟ್ಟು ವೇಗ. 2019ರ ಫೆಬ್ರವರಿಯಲ್ಲಿ ಗೂಗಲ್ ಇದನ್ನು ಪ್ರಕಟಿಸಿತು. ಅದೇ ವರ್ಷ ಬಂದ ಆಂಡ್ರಾಯ್ಡ್ 10ರಲ್ಲಿ, ಹೊಸದಾಗಿ ಹೊರಬರುವ ಫೋನುಗಳಿಗೆ ಆ ವಿನಾಯಿತಿ ಇಲ್ಲವಾಯಿತು.