ಮೆರುಗಿನ ಕೆಳಗೇನಿದೆ ತಿಳಿದು ಕರೆಂಟ್ ಕೊಡಿ

ಹೋದ ತಿಂಗಳು ಒಬ್ಬ ಹುಡುಗ ಸೈಕಲ್ ಬೆಲ್ಲಿನ ಮುಚ್ಚಳ ಹಿಡಿದು ಲೋಹಕ್ಕೆ ಮೆರುಗು ಕೂರಿಸುವ ನಮ್ಮ ಪ್ಲೇಟಿಂಗ್ ಶೆಡ್ಡಿಗೆ ಬಂದ. ಉಪ್ಪುನೀರು, ಬ್ಯಾಟರಿ ಇಟ್ಟುಕೊಂಡು ಮನೆಯಲ್ಲೇ ತಂಗಿಯ ಹೆಸರು ಕೊರೆದಿದ್ದ. ಅಕ್ಷರ ಚೆನ್ನಾಗೇ ಮೂಡಿತ್ತು. ಆದರೆ ವಾರದೊಳಗೆ ಅಂಚುಗಳಲ್ಲಿ ತುಕ್ಕು ಹಿಡಿದು, ಸುತ್ತಲಿನ ಮೆರುಗು ಈರುಳ್ಳಿ ಸಿಪ್ಪೆಯಂತೆ ಏಳುತ್ತಿತ್ತು.

"ನೀರು ಯಾವ ಬಣ್ಣಕ್ಕೆ ತಿರುಗಿತ್ತಪ್ಪಾ?"

"ಹಳದಿ ಸರ್. ಸಿಂಕಿಗೆ ಚೆಲ್ಲಿಬಿಟ್ಟೆ."

ತುಕ್ಕು ಹೋಗಲಿ, ಆ ಹಳದಿ ಕೇಳಿ ನನಗೆ ಗಾಬರಿಯಾಯಿತು.

ಅಲಂಕಾರದ ಕ್ರೋಮ್ ಪದರ ಸುಮಾರು ಕಾಲು ಮೈಕ್ರಾನ್ ಅಷ್ಟೇ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಅದರ ಕೆಳಗೆ 10ರಿಂದ 20 ಮೈಕ್ರಾನ್ ನಿಕ್ಕಲ್, ಕೆಲವೊಮ್ಮೆ ಅದರಡಿ ತಾಮ್ರ, ಕೊನೆಗೆ ಕಬ್ಬಿಣ. ಕಬ್ಬಿಣವನ್ನು ಕಾಯುವುದು ಮುಖ್ಯವಾಗಿ ಆ ನಿಕ್ಕಲ್. ಪಾಸಿಟಿವ್ ತಂತಿಯನ್ನು ವಸ್ತುವಿಗೆ ಸಿಕ್ಕಿಸಿ, 1 ಚದರ ಸೆಂಟಿಮೀಟರ್ ಜಾಗದಲ್ಲಿ 1 ಆಂಪಿಯರ್ ಹರಿಸಿದರೆ, ಎಷ್ಟು ಕರೆಂಟಿಗೆ ಎಷ್ಟು ಲೋಹ ಕರಗುತ್ತದೆಂದು ಹೇಳುವ ಫ್ಯಾರಡೆ ಲೆಕ್ಕದ ಪ್ರಕಾರ ಕ್ರೋಮ್ ಕರಗಲು ಎರಡೇ ಸೆಕೆಂಡು ಸಾಕು. 20 ಮೈಕ್ರಾನ್ ನಿಕ್ಕಲ್ಲಿಗೆ ಒಂದು ನಿಮಿಷ. ಆಮೇಲೆ ಬರಿಗಬ್ಬಿಣ ಹೊರಬೀಳುತ್ತದೆ. ನಿಕ್ಕಲ್ ಪಕ್ಕದಲ್ಲಿ ತೇವ ತಾಗಿದ ಕಬ್ಬಿಣ, ಒಂಟಿ ಕಬ್ಬಿಣಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ.

ಇನ್ನು ಹಳದಿ ನೀರು. ಪಾಸಿಟಿವ್ ಕಡೆ ಕರಗುವ ಕ್ರೋಮ್ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ವಿಷದ ರೂಪ ತಾಳಿ ನೀರಿಗೆ ಸೇರುತ್ತದೆ. ಅದು ಕ್ಯಾನ್ಸರ್‌ಕಾರಕ. ಬೆರಳುಗುರಿನಷ್ಟು ಜಾಗದ ಕ್ರೋಮ್ 0.18 ಮಿಲಿಗ್ರಾಂ ತೂಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಅಂದರೆ ಅಷ್ಟೇ ಜಾಗ ಮೂರೂವರೆ ಲೀಟರ್ ನೀರನ್ನು ಮಿತಿಗೆ ಮುಟ್ಟಿಸುತ್ತದೆ. ನಮ್ಮ ಶೆಡ್ಡಿನಲ್ಲಿ ಇಂಥ ನೀರಿಗೆ ಆಸಿಡ್, ಮೆಟಾಬೈಸಲ್ಫೈಟ್ ಎಂಬ ರಾಸಾಯನಿಕ ಹಾಕಿ ಹಳದಿ ಹಸಿರಾಗುವವರೆಗೆ ಕಾದು, ಸುಣ್ಣದಿಂದ ಗಷ್ಟು ಇಳಿಸುತ್ತೇವೆ. ಅಡುಗೆಮನೆಯಲ್ಲಿ ಮಾಡುವ ಕೆಲಸವಲ್ಲ ಅದು. ಸ್ಟೇನ್‌ಲೆಸ್ ಸ್ಟೀಲಿನಲ್ಲೂ ಕ್ರೋಮ್ ಇದೆ ಎಂಬುದು ನೆನಪಿರಲಿ. ಉಪ್ಪುನೀರಿನಿಂದ ಬ್ಲೀಚಿಂಗ್ ಪೌಡರ್ ವಾಸನೆ ಬಂದರೆ ಅದು ಕ್ಲೋರಿನ್, ಕಿಟಕಿ ತೆರೆದು ಕೆಲಸ ನಿಲ್ಲಿಸಿ. ಹಳೆಯ ಬೋಲ್ಟುಗಳ ಮೇಲಿನ ಹೊಂಬಣ್ಣ ವಿಷಲೋಹವಾದ ಕ್ಯಾಡ್ಮಿಯಂ ಲೇಪವೂ ಆಗಿರಬಹುದು, ಕಣ್ಣಿಗೆ ಗುರುತು ಸಿಗುವುದಿಲ್ಲ. ಅವನ್ನು ಮುಟ್ಟಲೇಬೇಡಿ.

ಹೆಸರು ಬೇಕೇ ಬೇಕೆಂದರೆ ಮೊದಲು ಕೊರೆತ, ಆಮೇಲೆ ಮೆರುಗು. ಹುಡುಗನ ಮುಚ್ಚಳದ ಹಳೆಯ ಪದರಗಳನ್ನೆಲ್ಲ ನಾವೇ ಬಿಡಿಸಿ, ಪಾಲಿಶ್ ಮಾಡಿಕೊಟ್ಟೆವು. ಬರಿಗಬ್ಬಿಣದ ಮೇಲೆ ಅವನೇ ಅಕ್ಷರ ಕತ್ತರಿಸಿದ ಸ್ಟಿಕ್ಕರ್ ಅಂಟಿಸಿ, ಪಾಸಿಟಿವ್ ತಂತಿ ಮುಚ್ಚಳಕ್ಕೆ ಸಿಕ್ಕಿಸಿ, ನೆಗೆಟಿವ್ ತಂತಿಗೆ ಸುತ್ತಿ ಉಪ್ಪುನೀರಲ್ಲಿ ಅದ್ದಿದ ಹತ್ತಿಯನ್ನು ಐದು ನಿಮಿಷ ಒತ್ತಿ ಹಿಡಿದ. ಸೋಡಾ ನೀರಲ್ಲಿ ತೊಳೆದು ನಿಕ್ಕಲ್, ಕ್ರೋಮ್ ಕೂರಿಸಿದೆವು. ಈಗ ಉಗುರಿನಿಂದ ಸವರಿದರೆ ತಂಗಿಯ ಹೆಸರು ತಡೆಯುತ್ತದೆ, ಹೊಳಪು ಅಕ್ಷರದ ಒಳಕ್ಕೂ ಇಳಿದಿದೆ.