ಅಣಬೆಯ ಫೋಟೊ ಕಳಿಸಿದ್ದೇನೆ, ಹೆಸರು ಹೇಳ್ತೀರಾ?

ಪ್ರಶ್ನೆ: ಮಳೆಗಾಲದಲ್ಲಿ ಕುದುರೆಮುಖ, ಆಗುಂಬೆ ಕಡೆ ಚಾರಣಕ್ಕೆ ಹೋದಾಗಲೆಲ್ಲ ಬಗೆಬಗೆಯ ಅಣಬೆ ಕಾಣಸಿಗುತ್ತವೆ. ಫೋಟೊ ತೆಗೆದು ಆ್ಯಪ್‌ಗೆ ಹಾಕಿದರೆ ಒಂದೊಂದು ಸಲ ಒಂದೊಂದು ಹೆಸರು ತೋರಿಸುತ್ತದೆ. ಸರಿಯಾಗಿ ಗುರುತಿಸುವುದು ಹೇಗೆ? ತಿನ್ನಬಹುದೋ ಇಲ್ಲವೋ ತಿಳಿಯಲು ಸುಲಭದ ಪರೀಕ್ಷೆ ಏನಾದರೂ ಇದೆಯೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಅಂಥ ಪರೀಕ್ಷೆ ಇಲ್ಲ. ಬೆಳ್ಳಿ ನಾಣ್ಯ ಹಾಕಿ ಬೇಯಿಸಿ ನೋಡುವುದು, ಬೆಳ್ಳುಳ್ಳಿ ಕಪ್ಪಾಯಿತೇ ಎಂದು ನೋಡುವುದು, ಹುಳ ತಿಂದಿದ್ದರೆ ನಮಗೂ ಆಗುತ್ತದೆ ಎನ್ನುವುದು, ಇವು ಯಾವುವೂ ನಂಬುವಂಥವಲ್ಲ. ಅಮಾನಿಟಾ ಕುಲದ ಕೆಲವು ಅಣಬೆಗಳಲ್ಲಿ ಅಮಾಟಾಕ್ಸಿನ್ ಎಂಬ ವಿಷ ಇರುತ್ತದೆ. ಅದು ಬೆಳ್ಳಿಯ ಬಣ್ಣ ಬದಲಿಸುವುದಿಲ್ಲ, ಕುದಿಸಿದರೂ ಒಣಗಿಸಿದರೂ ನಾಶವಾಗುವುದಿಲ್ಲ. ಚಿಪ್ಪಿಲ್ಲದ ಬಸವನಹುಳು ಅದನ್ನೇ ಮೆದ್ದು ಆರಾಮಾಗಿರುತ್ತದೆ. ರುಚಿಯೂ ಸುಳಿವು ಕೊಡುವುದಿಲ್ಲ.

ಇನ್ನು ಆ್ಯಪ್ ವಿಷಯ. ತಪ್ಪು ಹೆಚ್ಚಾಗಿ ಆ್ಯಪ್‌ನದಲ್ಲ, ಫೋಟೊದ್ದು. ನಡೆಯುತ್ತ ನಡೆಯುತ್ತ ನಿಂತು ಮೇಲಿನಿಂದ ಒಂದು ಕ್ಲಿಕ್ ಮಾಡಿ ಮುಂದೆ ಹೋಗುತ್ತೇವೆ. ಸಿಕ್ಕಿದ್ದು ಕೊಡೆಯ ನೆತ್ತಿ ಮಾತ್ರ. ಅಣಬೆಯ ಮೈಯಲ್ಲಿ ಎಲ್ಲಕ್ಕಿಂತ ಕಡಿಮೆ ಮಾಹಿತಿ ಇರುವ ಭಾಗ ಅದು. ಮಳೆ ಬಿದ್ದರೆ ಬಣ್ಣ ತೊಳೆದುಹೋಗುತ್ತದೆ, ಬಿಸಿಲಿಗೆ ಮಾಸುತ್ತದೆ, ಬೆಳಿಗ್ಗೆ ಮೊಟ್ಟೆಯಾಕಾರದಲ್ಲಿದ್ದದ್ದು ಸಂಜೆಗೆ ತಟ್ಟೆಯಂತೆ ಅರಳಿರುತ್ತದೆ.

ಹೆಸರು ಸಿಗುವುದು ಕೆಳಗಿನಿಂದ. ಕ್ಯಾಮೆರಾವನ್ನು ನೆಲಕ್ಕೆ ತಾಗಿಸಿ ಕೊಡೆಯ ಅಡಿಭಾಗ ತೆಗೆಯಿರಿ. ಅಲ್ಲಿ ತೆಳುವಾದ ಪದರಗಳಿವೆಯೇ, ಸಣ್ಣ ಸಣ್ಣ ರಂಧ್ರಗಳಿವೆಯೇ? ಪದರಗಳಾದರೆ ಅವು ಕಾಂಡಕ್ಕೆ ಅಂಟಿವೆಯೇ, ಸ್ವಲ್ಪ ದೂರದಲ್ಲೇ ನಿಂತಿವೆಯೇ? ಕಾಂಡದ ಮೇಲೆ ಬಳೆಯಂಥದ್ದೇನಾದರೂ ಇದೆಯೇ? ಬುಡದಲ್ಲಿ ಏನಿದೆ? ಈ ಬುಡದ ಪ್ರಶ್ನೆಯೇ ದೊಡ್ಡದು. ಅಮಾನಿಟಾ ಗುಂಪಿನ ಹಲವು ಅಣಬೆಗಳ ಬುಡದಲ್ಲಿ ಬಿಳಿ ಚೀಲವೊಂದು ಮಣ್ಣಿನೊಳಗೆ ಹುದುಗಿರುತ್ತದೆ. ಕಿತ್ತು ಎಳೆದರೆ ಚೀಲ ಮಣ್ಣಲ್ಲೇ ಉಳಿದು, ಮುಖ್ಯ ಸಾಕ್ಷಿಯೇ ಕೈತಪ್ಪಿದ ಹಾಗಾಗುತ್ತದೆ. ಜೊತೆಗೆ ಅಣಬೆ ಎದ್ದಿರುವ ಜಾಗವನ್ನೂ ಬರೆದುಕೊಳ್ಳಿ: ಮಣ್ಣೋ, ಸತ್ತ ಕೊಂಬೆಯೋ, ಜೀವಂತ ಮರದ ಬುಡವೋ, ಸಗಣಿಯೋ.

ನಮ್ಮಲ್ಲಿ ಎಲ್ಲರೂ ಆಸೆಪಡುವ ಹುತ್ತದಣಬೆಯನ್ನೇ ತೆಗೆದುಕೊಳ್ಳಿ. ಇದು ಟರ್ಮಿಟೊಮೈಸಿಸ್ ಕುಲದ್ದು. ಗೆದ್ದಲುಗಳು ಹುತ್ತದೊಳಗೆ ತಾವೇ ಸಾಕುವ ಶಿಲೀಂಧ್ರ. ಇದರ ಕಾಂಡ ನೆಲದ ಮಟ್ಟಕ್ಕೆ ಮುಗಿಯುವುದಿಲ್ಲ. ಬೇರಿನಂತೆ ಸಪೂರವಾಗುತ್ತ ಕೆಳಗಿಳಿದು, ಗೆದ್ದಲು ಶಿಲೀಂಧ್ರ ಬೆಳೆಸುವ ಗೂಡನ್ನು ಮುಟ್ಟುತ್ತದೆ. ಹಲವು ಜಾತಿಗಳಲ್ಲಿ ಕೊಡೆಯ ನೆತ್ತಿ ಮೊನಚಾಗಿರುತ್ತದೆ, ಮಣ್ಣನ್ನು ಸೀಳಿಕೊಂಡು ಮೇಲೆ ಬರಬೇಕಲ್ಲ. ಮೊನಚು ನೆತ್ತಿ ಕಂಡಿತು ಎಂದ ಮಾತ್ರಕ್ಕೆ ಹುತ್ತದಣಬೆ ಎನ್ನಬೇಡಿ. ಆ ಉದ್ದನೆಯ ಬಾಲ, ಕೆಳಗಿನ ಗೂಡು, ತಿಳಿಗುಲಾಬಿ ಬೀಜಕ (ಪದರಗಳಿಂದ ಉದುರುವ, ಅಣಬೆಯ ಬೀಜದಂಥ ನುಣುಪು ಪುಡಿ), ಎಲ್ಲವೂ ಒಟ್ಟಿಗೆ ಹೊಂದಬೇಕು. ಬರೀ ಗುಲಾಬಿಯೂ ಸಾಲದು, ಎಂಟೊಲೋಮಾ ಕುಲದ ವಿಷದ ಅಣಬೆಗಳ ಬೀಜಕವೂ ಗುಲಾಬಿಯೇ.

ಬೀಜಕದ ಬಣ್ಣ ನೋಡುವುದು ಮನೆಯಲ್ಲೇ ಆಗುವ ಕೆಲಸ. ಹಿತ್ತಲಲ್ಲೋ ಬಡಾವಣೆಯ ಪಾರ್ಕಿನ ಹುಲ್ಲಿನಲ್ಲೋ ಮಳೆ ಬಿದ್ದ ಮೇಲೆ ಏಳುವ ದೊಡ್ಡ ಬಿಳಿ ಅಣಬೆಯಲ್ಲಿ ಶುರುಮಾಡಿ. ಕಾಂಡ ಕತ್ತರಿಸಿ, ಪದರಗಳು ಕೆಳಮುಖವಾಗುವಂತೆ ಕೊಡೆಯನ್ನು ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲಿಡಿ. ಮೇಲೊಂದು ಬಟ್ಟಲು ಮುಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ ಕೊಡೆ ಎತ್ತಿದರೆ ಪದರಗಳ ಗೆರೆಗೆರೆಯೂ ಪುಡಿಯಲ್ಲಿ ಮೂಡಿರುತ್ತದೆ. ಹುಲ್ಲಿನ ಆ ಅಣಬೆಯ ಪುಡಿ ಮಾಸಲು ಹಸಿರಾಗಿದ್ದರೆ ಅದು ಬಹುಪಾಲು ಕ್ಲೋರೊಫಿಲ್ಲಮ್ ಮಾಲಿಬ್ಡೈಟಿಸ್. ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿ ಹಿಡಿಸುತ್ತದೆ. ಎಳೆಯದರಲ್ಲಿ ಪದರಗಳು ಬಿಳಿಯಾಗಿಯೇ ಇರುವುದರಿಂದ ಕಣ್ಣಿಗೆ ಈ ಹಸಿರು ಬೀಳುವುದಿಲ್ಲ, ಮೋಸಹೋಗುವುದು ಅಲ್ಲೇ. ಅಮಾನಿಟಾದ ಪುಡಿ ಬಿಳಿ, ಅದಕ್ಕೇ ಕಾಗದದ ಅರ್ಧ ಕಪ್ಪಿರಬೇಕು.

ಇದನ್ನು ಕಾಡಿನಲ್ಲಿ ಮಾಡಬೇಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅಲ್ಲಿಂದ ಅನುಮತಿಯಿಲ್ಲದೆ ಏನನ್ನೂ ಕಿತ್ತು ತರುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಣಬೆಗೆ ವಿನಾಯಿತಿ ಕೊಟ್ಟಿಲ್ಲ.

ಕೆಲವು ಅಣಬೆಗಳು ಫೋಟೊದಲ್ಲೇ ಸಿಕ್ಕಿಬೀಳುತ್ತವೆ. ಬಿಳಿ ಜಾಲರಿ ಇಳಿಬಿಟ್ಟು, ತಲೆಯ ಮೇಲಿನ ಗಬ್ಬುನಾತದ ಲೋಳೆಗೆ ನೊಣ ಮುತ್ತಿಸಿಕೊಂಡು ನಿಂತದ್ದು ಫ್ಯಾಲಸ್ ಇಂಡ್ಯೂಸಿಯೇಟಸ್. ಒಣ ಕೊಂಬೆಯ ಮೇಲೆ ಕಂದು ಪಟ್ಟೆಗಳ ತೆಳು ಆಲಿಕೆ, ಹಳದಿ ಕಾಲು ಇದ್ದರೆ ಮೈಕ್ರೊಪೋರಸ್ ಕ್ಸಾಂಥೋಪಸ್. ಉಳಿದ ಬಹಳಷ್ಟಕ್ಕೆ ಕುಲದ ಹೆಸರು ಸಿಕ್ಕರೆ ಸಾಕು ಎಂದುಕೊಳ್ಳಿ. 2023ರ ಜೂನ್‌ನಲ್ಲಿ ಕುದುರೆಮುಖದ ತಪ್ಪಲಲ್ಲೇ, ಕಾರ್ಕಳದ ಕಡೆ, ಜೀವಂತ ಕಪ್ಪೆಯೊಂದರ ಪಕ್ಕೆಯಲ್ಲಿ ಪುಟ್ಟ ಅಣಬೆ ಮೊಳೆತಿತ್ತು. ಪ್ರಪಂಚದ ತಜ್ಞರೆಲ್ಲ ಬೆರಗಾಗಿ ನೋಡಿದ ಫೋಟೊ ಅದು. ಕಪ್ಪೆಯನ್ನು ಹಿಡಿದು ತಂದಿರಲಿಲ್ಲ, ಫೋಟೊ ಬಿಟ್ಟರೆ ಬೇರೇನೂ ಇರಲಿಲ್ಲ. ಮೈಸಿನಾ ಗುಂಪಿನದಿರಬೇಕು ಎಂಬಲ್ಲಿಗೆ ಗುರುತು ನಿಂತಿತು. ನಿಮ್ಮ ಆ್ಯಪ್ ಜಾತಿಯ ಪೂರ್ಣ ಹೆಸರನ್ನೇ ಥಟ್ಟನೆ ಕೊಟ್ಟರೆ ಸ್ವಲ್ಪ ಅನುಮಾನಿಸುವುದು ಒಳ್ಳೆಯದು. ಐನ್ಯಾಚುರಲಿಸ್ಟ್‌ನಂಥ ಜಾಲತಾಣದಲ್ಲಿ ನಾಲ್ಕೈದು ಕೋನದ ಫೋಟೊ ಹಾಕಿದರೆ ತಿಳಿದವರು ನೋಡಿ ತಿದ್ದುತ್ತಾರೆ. ಆದರೆ ಅಲ್ಲಿ ಸಿಕ್ಕ ಹೆಸರನ್ನು ನಂಬಿ ಒಲೆ ಹಚ್ಚಬೇಡಿ. ಮಲೆನಾಡಿನ ಹಿರಿಯರು ಧೈರ್ಯವಾಗಿ ಅಣಬೆ ತಿನ್ನುವುದು ತಮ್ಮದೇ ಜಾಗದ, ವರ್ಷವರ್ಷವೂ ನೋಡಿದ ಕೆಲವೇ ಬಗೆಗಳನ್ನು. ಬೇರೆ ಊರಿಗೆ ಹೋದರೆ ಅವರ ಲೆಕ್ಕವೂ ತಪ್ಪಬಹುದು.

ಯಾರಾದರೂ ತಿಂದೇಬಿಟ್ಟಿದ್ದರೆ ಹೊಟ್ಟೆ ಕೆಡುವವರೆಗೆ ಕಾಯಬೇಡಿ. ಅಮಾಟಾಕ್ಸಿನ್ ಸಾಮಾನ್ಯವಾಗಿ 6ರಿಂದ 12 ಗಂಟೆ ಸುಮ್ಮನಿರುತ್ತದೆ. ಆಮೇಲೆ ಜೋರು ವಾಂತಿ, ಭೇದಿ. ಅದು ಇಳಿದು ಒಂದು ದಿನ ಹುಷಾರಾದಂತೆ ಕಾಣುವ ಹೊತ್ತಿಗೆ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ, ಎಷ್ಟು ಗಂಟೆಗೆ ತಿಂದದ್ದು ಎಂದು ಹೇಳಿ. ಉಳಿದ ಅಣಬೆ, ಸೋಸಿ ಎಸೆದ ಬುಡ ಸಮೇತ, ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಂಡು ಹೋಗಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವತು ಕೊಳೆತುಹೋದರೆ ಗುರುತಿಸುವವರಿಗೆ ಏನೂ ಉಳಿಯುವುದಿಲ್ಲ.